ಮನೆ ಹಸನು, ಮನಸ್ಸು ಹಗುರು

ದಾವಣಗೆರೆಯ ಕಡೆಯಿಂದ ಹುಬ್ಬಳ್ಳಿ ರೈಲಿನಲ್ಲಿ ಬರುವಾಗ ಹರಿಹರ ಬಿಟ್ಟು ತುಂಗಭದ್ರೆಯ ಸೇತುವೆ ದಾಟಿದಿರೆಂದರೆ ಹಾವೇರಿ ಜಿಲ್ಲೆಗೆ ಕಾಲಿಟ್ಟಂತೆಯೇ. 1997ರವರೆಗೆ ಇದು ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಸ್ವಲ್ಪ ಹೊತ್ತಿಗೆ ರಾಣೆಬೆನ್ನೂರು, ಆಮೇಲೆ ಬ್ಯಾಡಗಿ, ಅದರಾಚೆ ಹಾವೇರಿ. ಒಂದು ಬೀಜದ ಊರು, ಒಂದು ಮೆಣಸಿನಕಾಯಿಯ ಊರು, ಮತ್ತೊಂದು ಏಲಕ್ಕಿಯ ಊರು.

ನೋಡಲು ಗುಡಿಗಳಿವೆ, ಹೊಳೆಯ ದಂಡೆಯಿದೆ, ಜಾತ್ರೆಗಳಿವೆ. ಆದರೆ ಈ ಸಲ ನಿಮ್ಮನ್ನು ಕರೆದುಕೊಂಡು ಹೊರಟಿರುವುದು ಬೇರೆ ಕೆಲಸಕ್ಕೆ. ಮನೆಯಲ್ಲಿ ತುಂಬಿಕೊಂಡಿರುವ ಸಾಮಾನನ್ನು ಏನು ಮಾಡುವುದು? ಅದಕ್ಕಿಂತ ಹೆಚ್ಚಾಗಿ, ಅದನ್ನು ಬಿಡಲೊಲ್ಲದ ನಮ್ಮ ಮನಸ್ಸನ್ನು ಏನು ಮಾಡುವುದು? ಈ ಮೂರೂರಿನ ಜನ ದಿನವೂ ಮಾಡುವ ಕೆಲಸದಲ್ಲೇ ಇದಕ್ಕೆ ಉತ್ತರವಿದೆ. ಬನ್ನಿ, ನೋಡಿಬರೋಣ.

"ಇರಲಿ ಬಿಡವಾ"

ಈ ಕಡೆಯ ಹಳೆಯ ಮನೆಗಳನ್ನು ನೀವು ನೋಡಿರಬಹುದು. ಒಳಗೆ ಬಂದರೆ ಪಡಸಾಲೆ. ಗೋಡೆಯಲ್ಲಿ ಮಾಡ, ಅದರ ಮೇಲೆ ಉದ್ದಕ್ಕೂ ನಾಗೊಂದಿಗೆ, ಅದಕ್ಕೂ ಮೇಲೆ ಅಟ್ಟ. ಅಡಿಗೆಮನೆಯಲ್ಲಿ ಹಾಲು ಮೊಸರಿಗೆ ನೆಲುವು. ಹಿಂದೆ ಮನೆಯ ಮುಂದೆ ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ಜೋಳದ ಉಗ್ರಾಣ ಅದು. ಒಟ್ಟಿನಲ್ಲಿ ಇಡುವುದಕ್ಕೆಂದೇ ಕಟ್ಟಿದ ಮನೆಗಳು.

ಇದರಲ್ಲಿ ತಪ್ಪೇನಿಲ್ಲ. 1876ರಿಂದ 78ರವರೆಗಿನ ಘೋರ ಬರ ಈ ನೆಲವನ್ನು ಬಿಡಲಿಲ್ಲ. 1972ರ ಬರವನ್ನು ಕಣ್ಣಾರೆ ಕಂಡ ಅಜ್ಜಿಯಂದಿರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ಇಟ್ಟುಕೊಂಡವರು ಉಂಡರು, ಇಲ್ಲದವರು ಗುಳೆ ಹೋದರು. ಅಂಥವರು ಒಂದು ಖಾಲಿ ಡಬ್ಬಿಯನ್ನು ಕೈಯಲ್ಲಿ ಹಿಡಿದು, "ಇರಲಿ ಬಿಡವಾ, ಎಂದಾರ ಬೇಕಾಕ್ಕೈತಿ" ಎಂದರೆ ಅದು ಜಿಪುಣತನವಲ್ಲ. ಹೊಟ್ಟೆ ಕಲಿಸಿದ ಪಾಠ.

ಆದರೆ ನಾಗೊಂದಿಗೆಯ ಮೇಲೆ ಈಗ ಏನಿದೆ, ಒಮ್ಮೆ ಏಣಿ ಹಾಕಿ ನೋಡಿ. ಜೋಳವಂತೂ ಅಲ್ಲ. ಬೋರ್ನ್‌ವಿಟಾದ ಖಾಲಿ ಬಾಟಲಿ ಹನ್ನೆರಡು. ಕೆಟ್ಟ ಮಿಕ್ಸರ್ ಒಂದು. ಗೃಹಪ್ರವೇಶದಲ್ಲಿ ಬಂದ, ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಗಳು. ಮಗ ಓದಿ ಮುಗಿಸಿದ ಹತ್ತನೆಯ ತರಗತಿಯ ಗೈಡು. ಇನ್ನು ಟ್ರಂಕಿನಲ್ಲಿ ಉಡಿ ತುಂಬಿದಾಗ ಬಂದ ಕುಪ್ಪಸದ ಖಣಗಳ ಗಂಟು. ಹೊಲಿಸಿಕೊಳ್ಳಲು ಬಣ್ಣ ಹೊಂದದು, ಬಿಸಾಕಲು ಮನಸ್ಸು ಬಾರದು. ಇನ್ನೊಬ್ಬರ ಉಡಿಗೆ ಹಾಕೋಣವೆಂದರೆ ಅದು ಅವರ ಮನೆಯಿಂದಲೇ ಬಂದಿದ್ದೋ ಏನೋ ಎಂಬ ಅಳುಕು!

ಇಷ್ಟಿದ್ದರೆ ನಷ್ಟವೇನು ಎನ್ನುತ್ತೀರಾ? ಅಮೆರಿಕೆಯ ಲಾಸ್ ಏಂಜಲೀಸಿನಲ್ಲಿ ಡಾರ್ಬಿ ಸ್ಯಾಕ್ಸ್‌ಬಿ, ರೆನಾ ರೆಪೆಟಿ ಎಂಬ ಇಬ್ಬರು ಮನೋವಿಜ್ಞಾನಿಗಳು, ಗಂಡಹೆಂಡಿರಿಬ್ಬರೂ ದುಡಿಯುವ 30 ಸಂಸಾರಗಳನ್ನು ಆರಿಸಿಕೊಂಡರು. ನಿಮ್ಮ ಮನೆಯನ್ನು ನೀವೇ ತೋರಿಸುತ್ತಾ ವಿವರಿಸಿ ಎಂದು ಪ್ರತಿಯೊಬ್ಬರಿಗೂ ಹೇಳಿ, ಆ ಮಾತುಗಳನ್ನು ಲೆಕ್ಕ ಹಾಕಿದರು. ಜೊತೆಗೆ ಅವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ರಸವನ್ನು ದಿನಕ್ಕೆ ಹಲವು ಸಲ ಅಳೆದರು. ಈ ರಸ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯಬೇಕಾದದ್ದು. "ಎಲ್ಲಾ ಹರವಿಕೊಂಡಿದೆ, ಇನ್ನೂ ಮಾಡಬೇಕು, ಇದು ಮುಗಿದಿಲ್ಲ" ಎಂದು ಮನೆಯನ್ನು ಬಣ್ಣಿಸಿದ ಹೆಂಗಸರಲ್ಲಿ ಅದು ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಸರಲ್ಲಿ ಹಾಗೆ ಕಾಣಲಿಲ್ಲ. 2010ರಲ್ಲಿ ಇದು ಪ್ರಕಟವಾಯಿತು.

ಕಾರಣ ಊಹಿಸುವುದು ನಿಮಗೇನೂ ಕಷ್ಟವಲ್ಲ. ಕೆಟ್ಟ ಮಿಕ್ಸರು ಗಂಡಸಿನ ಕಣ್ಣಿಗೆ ಕೆಟ್ಟ ಮಿಕ್ಸರು ಅಷ್ಟೆ. ಮನೆವಾರ್ತೆಯೆಲ್ಲ ಯಾರ ತಲೆಯ ಮೇಲಿದೆಯೋ ಅವಳಿಗೆ ಮಾತ್ರ ಅದು, "ನನ್ನ ರಿಪೇರಿ ಯಾವಾಗ?" ಎಂದು ಹೋಗುತ್ತಾ ಬರುತ್ತಾ ಕೇಳುತ್ತದೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಷ್ಟು ಹಿಂದೆಯೇ ಬರೆದಿದ್ದರು. ಸಾಮಾನು ಮನೆಯ ಜಾಗವನ್ನಷ್ಟೇ ತಿನ್ನುವುದಿಲ್ಲ, ನೋಡಿ.

ರಾಣೆಬೆನ್ನೂರು: ಇಟ್ಟದ್ದಕ್ಕೆ ಅವಧಿ ಬೇಕು

ರಾಣೆಬೆನ್ನೂರಿನ ಸುತ್ತಲಿನ ಹಳ್ಳಿಗಳಲ್ಲಿ ಬೀಜ ತಯಾರಿಸುವುದೇ ದೊಡ್ಡ ಕಸುಬು. ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆ, ಹತ್ತಿಯ ಹೈಬ್ರಿಡ್ ಬೀಜ ಇಲ್ಲಿಂದ ದೂರದೂರದ ಹೊಲಗಳಿಗೆ ಹೋಗುತ್ತದೆ. ಈ ಕೆಲಸದಲ್ಲಿ ಹೆಣ್ಣುಮಕ್ಕಳ ಕೈಯೇ ಮುಂದು. ಟೊಮ್ಯಾಟೊ ಹೊಲವಾದರೆ ಸಂಜೆಯ ಹೊತ್ತು ಇನ್ನೂ ಅರಳದ ಹೂವಿನ ಕೇಸರವನ್ನು ಚಿಮಟಿಗೆಯಿಂದ ಬಿಡಿಸುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಹೀಗೆಯೇ. ಎಂಥ ತಾಳ್ಮೆ ಬೇಕು ನೀವೇ ಹೇಳಿ!

ಬೀಜವೆಂದರೆ ನಾಳೆಗೆ ಇಡುವ ವಸ್ತು. ಬೂದಿಯನ್ನೋ ಬೇವಿನೆಲೆಯನ್ನೋ ಬೆರೆಸಿ ಗಡಿಗೆಯಲ್ಲಿ ಬೀಜ ಕಾಯ್ದಿಡುವ ಜಾಣ್ಮೆ ನಮ್ಮ ಅಜ್ಜಿಯರದ್ದೇ. ಆದರೆ ಬೀಜ ಬಲ್ಲವರಿಗೆ ಇನ್ನೊಂದು ಮಾತೂ ಗೊತ್ತು: ಬೀಜ ಎಂದೆಂದಿಗೂ ಬೀಜವಾಗಿ ಉಳಿಯುವುದಿಲ್ಲ. ಉಳ್ಳಾಗಡ್ಡಿ ಬೀಜವಂತೂ ವರ್ಷ ದಾಟಿದರೆ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಅದಕ್ಕೇ ಬೀಜದ ಪಾಕೀಟಿನ ಮೇಲೆ ಪರೀಕ್ಷೆ ಮಾಡಿದ ದಿನ, ಅವಧಿ ತೀರುವ ದಿನ, ನೂರಕ್ಕೆ ಎಷ್ಟು ಮೊಳೆಯುತ್ತವೆ ಎಂಬ ಲೆಕ್ಕ, ಮೂರನ್ನೂ ಅಚ್ಚು ಹಾಕಿರುತ್ತಾರೆ.

ನಮ್ಮ "ಎಂದಾದರೂ ಬೇಕಾಗುತ್ತದೆ" ಎಂಬುದಕ್ಕೆ ಮಾತ್ರ ಅವಧಿಯೇ ಇಲ್ಲ. ಹಾಗಾದರೆ ಅದಕ್ಕೊಂದು ಮೊಳಕೆ ಪರೀಕ್ಷೆ ಮಾಡಿ ನೋಡಿ. ಇಡಬೇಕೋ ಬೇಡವೋ ಎಂದು ತೀರ್ಮಾನವಾಗದ ಸಾಮಾನನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ಬಾಯಿ ಕಟ್ಟಿ, ಮೇಲೆ ಇಂದಿನ ತಾರೀಖು ಬರೆಯಿರಿ. ಯುಗಾದಿಗೆ ಇಟ್ಟದ್ದಾದರೆ ಮುಂದಿನ ಯುಗಾದಿಗೆ ತೆಗೆಯಿರಿ. ನಡುವೆ ಬೇಕೆಂದು ಹುಡುಕಿ ತೆಗೆದುಕೊಂಡದ್ದು ಮೊಳೆತ ಬೀಜ. ಉಳಿದದ್ದು ನಿಮ್ಮ ಹೊಲದಲ್ಲಿ ಮೊಳೆಯುವುದಿಲ್ಲ, ಬೇರೆಯವರ ಹೊಲದಲ್ಲಿ ಮೊಳೆತೀತು, ಕೊಟ್ಟುಬಿಡಿ. ಬಿಸಾಕು ಎಂದರೆ ಹೆದರುವ ಮನಸ್ಸು, "ಒಂದು ವರ್ಷ ಅಲ್ಲಿರಲಿ" ಎಂದರೆ ಒಪ್ಪುತ್ತದೆ. ಅದರ ಹೆದರಿಕೆ ಕಳೆದುಕೊಳ್ಳುವುದರದು. ಪೆಟ್ಟಿಗೆ ಇನ್ನೂ ಮನೆಯಲ್ಲೇ ಇದೆಯಲ್ಲ!

ಇದೇ ಊರಿನ ಹತ್ತಿರ 1974ರಲ್ಲಿ ಸ್ಥಾಪಿಸಿದ ಕೃಷ್ಣಮೃಗ ಅಭಯಾರಣ್ಯವಿದೆ, 119 ಚದರ ಕಿಲೋಮೀಟರಿನದು. ಕೃಷ್ಣಮೃಗಕ್ಕೆ ಬೇಕಾದದ್ದು ದಟ್ಟ ಕಾಡಲ್ಲ, ಓಡಲು ಬಯಲು, ಮೇಯಲು ಹುಲ್ಲು. ಎರೆಭೂತವೆಂಬ ದೊಡ್ಡ ಹಕ್ಕಿಯೂ ಹಿಂದೆ ಇಲ್ಲಿ ಕಾಣಸಿಗುತ್ತಿತ್ತು; ಅದಕ್ಕೂ ತೆರೆದ ಹುಲ್ಲುಗಾವಲೇ ಬೇಕು. ಆದರೆ ಖಾಲಿ ನೆಲವೆಂದು ಇಲ್ಲಿ ಬಹಳಷ್ಟು ಕಡೆ ನೀಲಗಿರಿ ನೆಟ್ಟರು. ಹಕ್ಕಿ ಈಗ ಇಲ್ಲಿ ಕಾಣುವುದಿಲ್ಲ. ಮನೆಯಲ್ಲೂ ಹಾಗೆಯೇ ಅಲ್ಲವೇ? ಪಡಸಾಲೆಯ ಒಂದು ಮೂಲೆ ಖಾಲಿ ಇದ್ದರೆ ಅಲ್ಲೊಂದು ಸ್ಟೂಲು, ಸ್ಟೂಲಿನ ಮೇಲೊಂದು ಗೊಂಬೆ ತಂದಿಡಬೇಕೆನ್ನಿಸುತ್ತದೆ. ಮಗು ಅಂಬೆಗಾಲಿಡಲು, ನೀವು ಕಾಲು ಚಾಚಿ ಕೂರಲು ಬೇಕಾದದ್ದು ಆ ಖಾಲಿ ಮೂಲೆಯೇ.

ಬ್ಯಾಡಗಿ: ಇಡುವುದಕ್ಕೂ ಬಾಡಿಗೆಯಿದೆ

ಬ್ಯಾಡಗಿಗೆ ಹೋಗುವುದಾದರೆ ಜನವರಿಯಿಂದ ಮಾರ್ಚಿಯೊಳಗೆ ಹೋಗಿ. ಮೂಗಿಗೆ ಸೆರಗು ಹಿಡಿದುಕೊಳ್ಳಲು ಮರೆಯಬೇಡಿ! ಮಾರುಕಟ್ಟೆಯ ತುಂಬಾ ಕೆಂಪು ಚೀಲಗಳ ಸಾಲೇ ಸಾಲು. ಸುಕ್ಕುಸುಕ್ಕಾದ, ಬಣ್ಣ ಹೆಚ್ಚು ಖಾರ ಕಡಿಮೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ದೊರೆಯಿತು. ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಇದರಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ.

ನೀವು ನೋಡಬೇಕಾದದ್ದು ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು. ಆಳೆತ್ತರದ ರಾಶಿಯ ಮುಂದೆ ಕೂತಿರುತ್ತಾರೆ. ರಾಶಿಯನ್ನು ನೋಡುತ್ತಾ ಕೂತರೆ ಎದೆ ಒಡೆದೀತು. ಅವರು ನೋಡುವುದು ತಮ್ಮ ಮಡಿಲ ಮುಂದಿನ ಒಂದು ಬೊಗಸೆಯನ್ನು ಮಾತ್ರ. ಒಳ್ಳೆಯದು ಈ ಕಡೆ, ಬಿಳಿಚಿದ್ದು ಆ ಕಡೆ, ಮುರಿದದ್ದು ಇನ್ನೊಂದು ಕಡೆ. ಬೊಗಸೆ ಮುಗಿದರೆ ಮತ್ತೊಂದು ಬೊಗಸೆ. ಹಸನು ಮಾಡುವುದೆಂದರೆ ಇದು. "ಇವತ್ತು ಇಡೀ ಮನೆ ಸ್ವಚ್ಛ ಮಾಡೇಬಿಡ್ತೀನಿ" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದವರು ಮಧ್ಯಾಹ್ನದ ಹೊತ್ತಿಗೆ ಹರವಿದ ಸಾಮಾನಿನ ನಡುವೆ ಕಣ್ಣೀರು ತುಂಬಿ ಕೂರುವುದು ಏಕೆ ಗೊತ್ತೇ? ಪ್ರತಿ ವಸ್ತುವೂ ಒಂದು ತೀರ್ಮಾನ ಕೇಳುತ್ತದೆ. ನೂರು ತೀರ್ಮಾನದ ಮೇಲೆ ಮನಸ್ಸು ಸೋತು, "ಎಲ್ಲಾ ಇರಲಿ" ಎಂದುಬಿಡುತ್ತದೆ. ಆದ್ದರಿಂದ ಒಂದು ದಿನಕ್ಕೆ ಒಂದು ಬೊಗಸೆ: ಒಂದು ಖಾನೆ, ಒಂದು ಡಬ್ಬಿ, ಒಂದು ಗಂಟು.

ಇನ್ನೊಂದು ನೋಟ ಶೈತ್ಯಾಗಾರಗಳದು. ಊರಿನ ಸುತ್ತ ಅನೇಕ ಇವೆ. ದರ ಬರಲೆಂದು ಕಾಯಿಯನ್ನು ಅಲ್ಲಿ ಇಡುತ್ತಾರೆ. ಹೊರಗಿಟ್ಟರೆ ಬಣ್ಣ ಹೋಗುತ್ತದೆ. 2024ರ ಮಾರ್ಚಿಯಲ್ಲಿ ದರ ಕುಸಿದಾಗ ಇದೇ ಮಾರುಕಟ್ಟೆಯಲ್ಲಿ ಸಿಟ್ಟು ಭುಗಿಲೆದ್ದು ವಾಹನಗಳಿಗೆ ಬೆಂಕಿ ಬಿತ್ತು. ದರಕ್ಕಾಗಿ ಕಾಯುವುದು ರೈತನಿಗೆ ಬದುಕಿನ ಪ್ರಶ್ನೆ. ಆದರೆ ಅವನು ಲೆಕ್ಕ ಹಾಕಿಯೇ ಕಾಯುತ್ತಾನೆ. ಚೀಲಕ್ಕೆ ಇಷ್ಟು ಬಾಡಿಗೆ, ಇಷ್ಟು ತಿಂಗಳು, ಇಷ್ಟು ದರ ಬಂದರೆ ಲಾಭ, ಇಲ್ಲದಿದ್ದರೆ ಮಾರುವುದೇ ಮೇಲು.

ನಮ್ಮ ಮನೆಯ ಸಾಮಾನಿಗೂ ಬಾಡಿಗೆ ಇದೆ, ನಾವು ಲೆಕ್ಕ ಹಿಡಿಯುವುದಿಲ್ಲ ಅಷ್ಟೆ. ಧೂಳು ಒರೆಸುವ ಹೊತ್ತು, ಹುಡುಕುವ ಹೊತ್ತು, "ಎಲ್ಲಿಟ್ಟೆ?" ಎಂಬ ಜಗಳ, ಮಲಗುವ ಕೋಣೆಯಲ್ಲಿ ಕಳೆದುಹೋದ ಗಾಳಿ. ಮೇಲಾಗಿ ನಮ್ಮದು ಎಂದೊಡನೆ ಅದರ ಬೆಲೆ ನಮ್ಮ ಕಣ್ಣಿಗೆ ಏರುತ್ತದೆ. ಕಾನೆಮನ್, ನೆಟ್ಶ್, ಥೇಲರ್ ಎಂಬ ವಿದ್ವಾಂಸರು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಕಾಫಿ ಕುಡಿಯುವ ಮಗ್ಗನ್ನು ಕೊಟ್ಟು, ಆಮೇಲೆ ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಕೊಳ್ಳುವವರು ಹೇಳಿದ ಬೆಲೆಯ ಎರಡರಷ್ಟಕ್ಕೂ ಹೆಚ್ಚು ಕೇಳಿದರು ಅವರು. 1990ರಲ್ಲಿ ಪ್ರಕಟವಾದ ಸಂಶೋಧನೆ ಇದು. ಮಗ್ಗು ಅವರದಾಗಿ ಕೆಲವು ನಿಮಿಷಗಳಷ್ಟೇ ಆಗಿತ್ತು! ಇನ್ನು ಇಪ್ಪತ್ತು ವರ್ಷ ನಮ್ಮ ಜೊತೆ ಇದ್ದ ಡಬ್ಬಿಯ ಮಾತೇನು? ಅದಕ್ಕೇ "ಇದನ್ನು ಕೊಡಲೇ?" ಎಂದು ಕೇಳಿಕೊಳ್ಳಬೇಡಿ. "ಇದು ಇವತ್ತು ಅಂಗಡಿಯಲ್ಲಿದ್ದರೆ ನಾನು ಕೊಳ್ಳುತ್ತಿದ್ದೆನೇ?" ಎಂದು ಕೇಳಿಕೊಳ್ಳಿ. ಉತ್ತರ ಬೇಗ ಬರುತ್ತದೆ.

ಹಾವೇರಿ: ಪೋಣಿಸಿದರೆ ಹಾರ

ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಆದರೆ "ಏಲಕ್ಕಿ ಕಂಪಿನ ನಾಡು" ಎಂಬ ಹೆಸರು ಬಂದದ್ದು ಹಾವೇರಿಗೆ. ಹಿಂದೆ ಮಲೆನಾಡಿನ ಏಲಕ್ಕಿ ಇಲ್ಲಿಗೆ ಬಂದು ತೊಳೆಸಿಕೊಂಡು, ಹಸನಾಗಿ, ಇಲ್ಲಿಂದ ಪೇಟೆಗಳಿಗೆ ಹೋಗುತ್ತಿತ್ತು. ಈಗ ಉಳಿದಿರುವ ಹೆಮ್ಮೆ ಏಲಕ್ಕಿ ಹಾರ. 2023ರ ಜನವರಿಯಲ್ಲಿ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆದಾಗ ಈ ಹಾರದ ಮಾತು ನಾಡಿನ ತುಂಬ ಹರಡಿತು. ಕಾಯಿಗಳನ್ನು ಗಾತ್ರ ನೋಡಿ ಆರಿಸಿ, ಸಮನಾದದ್ದನ್ನು ದಾರಕ್ಕೆ ಕಟ್ಟಿ, ನಡುನಡುವೆ ಮಣಿ ಜರಿ ಕೂಡಿಸಿ ಹಾರ ಮಾಡುತ್ತಾರೆ. ಚೀಲದ ತುಂಬ ಇರುವ ಏಲಕ್ಕಿಯನ್ನು ಯಾರೂ ಕೊರಳಿಗೆ ಹಾಕಿಕೊಳ್ಳುವುದಿಲ್ಲ. ಆರಿಸಿದ ಕೆಲವನ್ನು ಪೋಣಿಸಿದಾಗ ಅದಕ್ಕೊಂದು ಮರ್ಯಾದೆ.

ನೆನಪಿನ ವಸ್ತುಗಳಿಗೂ ಇದೇ ಮಾತು. ತೀರಿಕೊಂಡ ತಾಯಿಯ ಹದಿನೆಂಟು ಸೀರೆ ಟ್ರಂಕಿನಲ್ಲಿ ಮಡಿಕೆಯಲ್ಲೇ ಸೀಳುತ್ತಿದ್ದರೆ ಅದು ನೆನಪಿಗೆ ಮಾಡುವ ಗೌರವವೇ? ಒಂದು ಇಲಕಲ್ ಸೀರೆಯನ್ನು ನೀವು ಉಡಿ. ಒಂದನ್ನು ತಂಗಿಗೆ ಕೊಡಿ. ಹರಿದದ್ದನ್ನೆಲ್ಲ ಸೇರಿಸಿ ಕೌದಿ ಹೊಲಿಸಿ. ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟು ಜಾಣರು ನೋಡಿ: ಹಳೇ ಬಟ್ಟೆಯ ಪ್ರಶ್ನೆಗೆ ಎಂದೋ ಉತ್ತರ ಹುಡುಕಿದ್ದಾರೆ. ಅವ್ವನ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ, ಎಲ್ಲ ಒಂದೇ ಕೌದಿಯಲ್ಲಿ. ಟ್ರಂಕಿನಲ್ಲಿದ್ದ ನೆನಪು ಈಗ ಮೊಮ್ಮಗನನ್ನು ಬೆಚ್ಚಗಿಡುತ್ತದೆ.

ಗಂಡನನ್ನು ಕಳೆದುಕೊಂಡವರಿಗೆ ಅವರ ಬಟ್ಟೆಗಳ ಮಾತು ಬಹಳ ಸೂಕ್ಷ್ಮವಾದದ್ದು. "ಇನ್ನೂ ಯಾಕ ಇಟ್ಟೀಯವಾ" ಎಂದು ಬಂಧುಗಳು ಅವಸರ ಮಾಡಬಾರದು. ಗೂಟದ ಮೇಲಿನ ಆ ಅಂಗಿಗೆ ಅವಳ ದುಃಖವೇ ಅವಧಿ ಹಾಕಬೇಕು, ಓಣಿಯವರಲ್ಲ. ಕೊಡುವ ಮನಸ್ಸಾದ ದಿನ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಕೊಡಲಿ. ಕೊಡುವ ಮುಂಚೆ ಫೋಟೋ ತೆಗೆದಿಟ್ಟುಕೊಂಡರೆ ಬಿಡುವುದು ಸುಲಭವಾಗುತ್ತದೆಂದು 2017ರಲ್ಲಿ ಅಮೆರಿಕೆಯ ಮೂವರು ಸಂಶೋಧಕಿಯರು ತೋರಿಸಿದ್ದಾರೆ. ವಸ್ತು ಹೋದರೆ ನೆನಪೂ ಹೋದೀತು ಎಂಬುದೇ ನಮ್ಮ ಭಯ. ನೆನಪಿಗೆ ಬೇರೆ ಮನೆ ಸಿಕ್ಕರೆ ಕೈ ಸಡಿಲವಾಗುತ್ತದೆ.

ಅತ್ತೆಯ ಟ್ರಂಕು

ಇಂಥ ಒಂದು ಮನೆಯನ್ನು ನೀವೂ ಕಂಡಿರುತ್ತೀರಿ. ಅತ್ತೆ ಪುಣೆಯಲ್ಲಿರುವ ಮಗಳ ಮನೆಗೆ ಹೋದ ಸಮಯ ನೋಡಿ ಮಗ ಸೊಸೆ ಅಟ್ಟ ಇಳಿಸುತ್ತಾರೆ. ತಾಮ್ರದ ಹಂಡೆ, ಮುರಿದ ತೊಟ್ಟಿಲು, ಸೋರುವ ಕೊಡ, ಎಲ್ಲ ತೂಕಕ್ಕೆ ಹೋಗುತ್ತದೆ. ಉದ್ದೇಶ ಒಳ್ಳೆಯದೇ. ಹಿಂದಿರುಗಿದ ಅತ್ತೆ ಜಗಳವಾಡುವುದಿಲ್ಲ. ಅಟ್ಟದ ಕಡೆ ಒಮ್ಮೆ ನೋಡಿ, "ಹೋತಾ ಎಲ್ಲಾ" ಎನ್ನುತ್ತಾರೆ ಅಷ್ಟೆ. ಮರುದಿನದಿಂದ ಟ್ರಂಕಿಗೆ ಬೀಗ, ಬೀಗದ ಕೈ ಸೊಂಟಕ್ಕೆ. ಪ್ಲಾಸ್ಟಿಕ್ ಚೀಲವನ್ನೂ ಮಡಚಿ ಹಾಸಿಗೆಯ ಕೆಳಗೆ ಇಡಲು ತೊಡಗುತ್ತಾರೆ. ಹಂಡೆ ಹೋದ ಮೇಲೆ ಮನೆಯಲ್ಲಿ ಸಾಮಾನು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ!

ಯೋಚಿಸಿ ನೋಡಿ. ಹೊಲ ಗಂಡಸರ ಹೆಸರಿನಲ್ಲಿತ್ತು, ಮನೆ ಗಂಡಸರ ಹೆಸರಿನಲ್ಲಿತ್ತು. ತವರಿನಿಂದ ತಂದ ಆ ಹಂಡೆ, ಆ ಟ್ರಂಕು, ಇಷ್ಟೇ ಆಕೆ "ನನ್ನದು" ಎನ್ನಬಹುದಾಗಿದ್ದದ್ದು. ಕೇಳದೆ ತೆಗೆದಾಗ ಹೋದದ್ದು ತಾಮ್ರವಲ್ಲ, ತನ್ನ ಮಾತಿಗೆ ಈ ಮನೆಯಲ್ಲಿ ಬೆಲೆಯಿದೆ ಎಂಬ ನಂಬಿಕೆ. ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ: ಅವರವರ ವಸ್ತುವಿಗೆ ಅವರವರೇ ಒಡೆಯರು. ಅತ್ತೆಯ ಟ್ರಂಕು ಅತ್ತೆಯದು, ಮಗಳ ಪುಸ್ತಕ ಮಗಳದು. ಅತ್ತೆಯ ಹತ್ತಿರ ಒಂದು ಮಧ್ಯಾಹ್ನ ಕೂತು, "ಅತ್ತೀ, ಇದು ಯಾವಾಗ ಬಂದದ್ರೀ?" ಎಂದು ಕೇಳಿ. ಕಥೆ ಕೇಳಿದ ಮೇಲೆ ಎಷ್ಟೋ ವಸ್ತುಗಳನ್ನು ಅವರೇ, "ತಗೊಂಡ್ ಹೋಗು, ನಿನ್ನ ಮಗಳಿಗೆ ಇರಲಿ" ಎಂದು ಎತ್ತಿಕೊಡುತ್ತಾರೆ.

ಆದರೆ ಒಂದು ಎಚ್ಚರ. ನಡೆಯಲು ದಾರಿಯಿಲ್ಲದಷ್ಟು, ಒಲೆ ಹೊತ್ತಿಸಲು ಜಾಗವಿಲ್ಲದಷ್ಟು ಸಾಮಾನು ಕೂಡಿಹಾಕಿ, ಒಂದು ಕಾಗದ ತೆಗೆದರೂ ತಳಮಳಿಸುವವರಿದ್ದರೆ ಅದು ಸ್ವಭಾವವಲ್ಲ, ಕಾಯಿಲೆಯಾಗಿರಬಹುದು. 2013ರಿಂದ ಅಮೆರಿಕೆಯ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರೇ ಇದೆ. ಬೈದರೆ, ಬಲವಂತವಾಗಿ ಖಾಲಿ ಮಾಡಿಸಿದರೆ ಹೆಚ್ಚುತ್ತದೆ. ಮಾತಿನ ಚಿಕಿತ್ಸೆಯಿಂದ ಇಳಿಯುತ್ತದೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಈ ಊರುಗಳಿಗೆ ದೂರವೇನಲ್ಲ. ಮನೆಯಿಂದಲೇ 14416 ಸಂಖ್ಯೆಯ ಟೆಲಿ ಮಾನಸ್‌ಗೆ ದುಡ್ಡಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಕೇಳಬಹುದು.

ಶುರು ಹೇಗೆ?

1. ನೆನಪಿನ ವಸ್ತುಗಳಿಂದ ಶುರು ಮಾಡಬೇಡಿ, ಅವು ಕೊನೆಗಿರಲಿ. ಅಡಿಗೆಮನೆಯ ಖಾಲಿ ಡಬ್ಬಿ, ಮುಚ್ಚಳವಿಲ್ಲದ ಬಾಟಲಿಗಳಿಂದ ತೊಡಗಿ. ಸಣ್ಣ ತೀರ್ಮಾನ ಮಾಡಿ ಮಾಡಿ ಮನಸ್ಸಿಗೆ ಬಲ ಬರುತ್ತದೆ.

2. ದಿನಕ್ಕೆ ಅರ್ಧ ಗಂಟೆ, ಒಂದು ಬೊಗಸೆ. ಅಷ್ಟು ಮುಗಿದೊಡನೆ ಎದ್ದುಬಿಡಿ.

3. ನಾಲ್ಕು ಬುಟ್ಟಿ ಇಟ್ಟುಕೊಳ್ಳಿ: ಇರುವುದು, ಕೊಡುವುದು, ರದ್ದಿಗೆ ಹೋಗುವುದು, ತಾರೀಖು ಹಾಕಿದ ಪೆಟ್ಟಿಗೆಗೆ ಹೋಗುವುದು. ಕೊಡುವ ಬುಟ್ಟಿ ಅದೇ ವಾರ ಹೊಸಿಲು ದಾಟಲಿ.

4. ಕೆಟ್ಟ ಮಿಕ್ಸರಿಗೆ ಹದಿನೈದು ದಿನ ಕೊಡಿ. ರಿಪೇರಿಯಾಗಬೇಕು ಇಲ್ಲವೇ ಹೋಗಬೇಕು.

5. ಉಡಿ ತುಂಬುವ ಖಣದ ಬದಲು ಅಕ್ಕಪಕ್ಕದವರೆಲ್ಲ ಮಾತಾಡಿಕೊಂಡು ಹಣ್ಣನ್ನೋ, ಒಂದು ಹಿಡಿ ಏಲಕ್ಕಿಯನ್ನೋ ಹಾಕುವ ರೂಢಿ ಮಾಡಿ. ತಿಂದು ಖರ್ಚಾಗುವ ಕೊಡುಗೆ ಯಾರ ಟ್ರಂಕನ್ನೂ ತುಂಬುವುದಿಲ್ಲ.

6. ಮಹಾನವಮಿಗೆ ಮುಂಚೆ ಹಾಸಿಗೆ ಹೊದಿಕೆ ತೊಳೆಯುವುದು ನಮ್ಮಲ್ಲಿ ಇದ್ದೇ ಇದೆ. ಅದರ ಜೊತೆಗೇ ಆ ವರ್ಷ ಹೊದೆಯದ ಹೊದಿಕೆಯನ್ನೂ ಬೇರೆ ಮಾಡಿ. ಚಳಿಗಾಲ ಮುಂದೆಯೇ ಇರುತ್ತದೆ, ಬೇಕಾದವರು ಇರುತ್ತಾರೆ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತೇ ಇದೆ. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬನ್ನಿ ಎಂದು ಕಳಿಸಿದಳು ಆಕೆ. ಮನೆಗೆ ಎಷ್ಟು ಬೇಕೆಂಬುದು ಆ ಬಡ ಮನೆಯ ಹೆಂಗಸಿಗೆ ಗೊತ್ತಿತ್ತು. ಇಷ್ಟು ಸಾಕು ಎಂದು ಹೇಳುವ ಹಕ್ಕೂ ಅವಳಿಗಿತ್ತು.

ಹಾವೇರಿಗೆ ಹೋದರೆ ಒಂದು ಏಲಕ್ಕಿ ಹಾರ ಖಂಡಿತ ತನ್ನಿ. ಆದರೆ ಕನ್ನಡಿಯ ಕಪಾಟಿನಲ್ಲಿ ಕೂರಿಸಿ ಧೂಳು ಹಿಡಿಸಬೇಡಿ. ಹಬ್ಬಕ್ಕೆ ನಾಲ್ಕು ದಿನ ದೇವರಿಗೆ ಏರಿಸಿ, ಕಂಪು ಇರುವಾಗಲೇ ಬಿಚ್ಚಿ ಕುಟ್ಟಿ ಗೋಧಿ ಹುಗ್ಗಿಗೆ ಹಾಕಿ. ಓಣಿಯ ನಾಲ್ಕು ಮನೆಗೂ ಒಂದೊಂದು ಬಟ್ಟಲು ಕಳಿಸಿ. ಬಟ್ಟಲನ್ನು ಮಾತ್ರ ಮರೆಯದೆ ವಾಪಸು ಇಸಿದುಕೊಳ್ಳಿ!